ಹಿಮ ಕಡಿಮೆ ಬಿದ್ದ ವರ್ಷ ಜಾಸ್ತಿ ಹುಷಾರಾಗಿರಿ

ಡಿಸೆಂಬರ್ ಬಂತೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ನನಗೆ ಬರುವ ಫೋನ್‌ಗಳಲ್ಲಿ ಪ್ರಶ್ನೆ ಒಂದೇ: ಗುಲ್ಮರ್ಗ್‌ನಲ್ಲಿ ಹಿಮ ಬಿದ್ದಿದೆಯಾ? ಈ ಸಲ ಕಡಿಮೆ ಅಂದರೆ ಬೇಜಾರಾಗುತ್ತಾರೆ. ಆಮೇಲೆ ತಾವೇ ಸಮಾಧಾನ ಮಾಡಿಕೊಳ್ಳುತ್ತಾರೆ, ಹಾಗಾದರೆ ಹಿಮಕುಸಿತದ ಭಯವೂ ಇಲ್ಲ ಬಿಡಿ ಅಂತ. ಚಳಿಗಾಲದಲ್ಲಿ ಜನರನ್ನು ಹಿಮಾಲಯಕ್ಕೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಈ ಮಾತು ಕೇಳಿದಾಗಲೆಲ್ಲ ನನಗೆ ಆತಂಕವಾಗುತ್ತದೆ. ಯಾಕೆಂದರೆ ಎಷ್ಟೋ ಸಲ ನಡೆಯುವುದು ಉಲ್ಟಾ.

ಲೆಕ್ಕ ನೋಡಿ. ಹಿಮದ ಕೆಳಗಿನ ನೆಲ ಎಂಥ ಚಳಿಯಲ್ಲೂ ಹೆಚ್ಚುಕಡಿಮೆ ಸೊನ್ನೆ ಡಿಗ್ರಿಯಲ್ಲೇ ಇರುತ್ತದೆ. ಮೇಲ್ಮೈ ಮಾತ್ರ, ಆಕಾಶ ತಿಳಿಯಾಗಿರುವ ರಾತ್ರಿ, ಮೈನಸ್ 15ಕ್ಕೆ ಸಲೀಸಾಗಿ ಇಳಿಯುತ್ತದೆ. ಹಿಮ 2 ಮೀಟರ್ ಇದ್ದರೆ ಆ 15 ಡಿಗ್ರಿ ವ್ಯತ್ಯಾಸ 2 ಮೀಟರಿಗೂ ಹಂಚಿಹೋಗುತ್ತದೆ, 10 ಸೆಂಟಿಮೀಟರಿಗೆ ಒಂದು ಡಿಗ್ರಿಯೂ ಬರುವುದಿಲ್ಲ. ಅದೇ ಹಿಮ ಬರೀ ಅರ್ಧ ಮೀಟರ್ ಇದ್ದರೆ 10 ಸೆಂಟಿಮೀಟರಿಗೆ 3 ಡಿಗ್ರಿ. ಈ ಅಂಕಿ 1 ಡಿಗ್ರಿ ದಾಟಿತು ಅಂದರೆ ಕೆಳಗಿನ ಬೆಚ್ಚನೆ ಹಿಮದಿಂದ ಆವಿ ಎದ್ದು ಮೇಲಿನ ತಣ್ಣನೆ ಕಣಗಳಿಗೆ ಅಂಟಿ ಹೆಪ್ಪುಗಟ್ಟಲು ಶುರುವಾಗುತ್ತದೆ. ಒಂದಕ್ಕೊಂದು ಕಚ್ಚಿಕೊಂಡಿದ್ದ ಪುಟ್ಟ ಕಣಗಳು ಬಿಡಿಬಿಡಿಯಾಗಿ, ಮೂಲೆ ಮೂಲೆಯ ದೊಡ್ಡ ಹರಳುಗಳಾಗುತ್ತವೆ. ಡೆಪ್ತ್ ಹೋರ್ ಅನ್ನುವುದು ಇದಕ್ಕೇ. ಕೈಯಲ್ಲಿ ಹಿಡಿದು ಹಿಂಡಿ ನೋಡಿ, ಉಂಡೆ ಕಟ್ಟುವುದಿಲ್ಲ, ಬನ್ಸಿ ರವೆ ಹಾಗೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ.

ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ಜನವರಿ ಕೊನೆಯವರೆಗಿನ ನಲವತ್ತು ದಿನಕ್ಕೆ ಚಿಲ್ಲೈ ಕಲಾನ್ ಅನ್ನುತ್ತಾರೆ, ಚಳಿಯ ಪರಾಕಾಷ್ಠೆ. ಮೊದಲಿನ ತೆಳು ಹಿಮ ಬಿದ್ದ ಮೇಲೆ ಈ ನಲವತ್ತು ದಿನ ಆಕಾಶ ತಿಳಿಯಾಗಿಯೇ ಇದ್ದುಬಿಟ್ಟರೆ, ನೆರಳಿರುವ ಎತ್ತರದ ಇಳಿಜಾರುಗಳಲ್ಲಿ ಬುಡದ ಪದರ ಪೂರ್ತಿ ಹರಳಾಗಲು ಸಾಕಷ್ಟು ಸಮಯ ಸಿಕ್ಕಂತಾಯಿತು. ಫೆಬ್ರವರಿಯಲ್ಲಿ ವೆಸ್ಟರ್ನ್ ಡಿಸ್ಟರ್ಬೆನ್ಸ್, ಅಂದರೆ ಪಶ್ಚಿಮದಿಂದ ಬರುವ ಮಳೆ-ಹಿಮದ ಮಾರುತ, ಬಂದು ಎರಡು ಮೂರು ದಿನದಲ್ಲಿ ಒಂದು ಮೀಟರ್ ಹೊಸ ಹಿಮ ಸುರಿದರೆ, ಅಷ್ಟೂ ಭಾರ ಆ ಹರಳುಗಳ ಮೇಲೆ ಕೂರುತ್ತದೆ. 2024ರ ಜನವರಿಯಲ್ಲಿ ಗುಲ್ಮರ್ಗ್ ಹಿಮವಿಲ್ಲದೆ ಬೋಳಾಗಿದ್ದ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಫೆಬ್ರವರಿಯಲ್ಲಿ ಭರ್ಜರಿ ಹಿಮ ಬಂತು. ಎಲ್ಲರಿಗೂ ಖುಷಿ. ಅದೇ ತಿಂಗಳ 22ರಂದು ಅಲ್ಲಿ ಹಿಮ ಕುಸಿದು ರಷ್ಯಾದ ಒಬ್ಬ ಸ್ಕೀಯರ್ ತೀರಿಕೊಂಡರು. ಅದರ ಹಿಂದಿನ ವರ್ಷ, 2023ರ ಫೆಬ್ರವರಿ 1ರಂದು, ಅಲ್ಲಿನದೇ ಅಫರ್ವತ್ ಬೆಟ್ಟದಲ್ಲಿ ಪೋಲೆಂಡಿನ ಇಬ್ಬರು ಹೀಗೇ ಹೋಗಿದ್ದರು.

ಗುಲ್ಮರ್ಗ್‌ನ ಕೇಬಲ್ ಕಾರ್, ಅಂದರೆ ಗೊಂಡೋಲಾ, ನಿಮ್ಮನ್ನು ಸುಮಾರು 3,950 ಮೀಟರ್ ಎತ್ತರಕ್ಕೆ ಕೂತಲ್ಲಿಂದಲೇ ಒಯ್ಯುತ್ತದೆ. ಅಲ್ಲಿ ಇಳಿಜಾರು ಕಾಯುವ ಸ್ಕೀ ಪ್ಯಾಟ್ರೋಲ್‌ನವರು ಸ್ಫೋಟಕ ಇಟ್ಟು ಸಡಿಲ ಹಿಮವನ್ನು ಮೊದಲೇ ಬೀಳಿಸಿ, ಪರೀಕ್ಷೆ ಮಾಡಿ ತೆರೆಯುವ ಜಾಗ ಒಂದಿದೆ. ಗಡಿ ದಾಟಿದ ಮೇಲೆ ಇರುವುದು ಕಾಡು ಬೆಟ್ಟ, ಯಾರೂ ಏನೂ ನೋಡಿರುವುದಿಲ್ಲ. ಎರಡೂ ಕಣ್ಣಿಗೆ ಒಂದೇ ಥರ ಬೆಳ್ಳಗೆ ಕಾಣುತ್ತವೆ, ಸಮಸ್ಯೆ ಅದೇ.

ನನಗೆ ಹೆಚ್ಚು ಚಿಂತೆ ಹಿಮ ಸುರಿಯುವ ದಿನದ್ದಲ್ಲ. ಆ ದಿನ ಯಾರೂ ಹೊರಗೇ ಹೋಗುವುದಿಲ್ಲ. ಚಿಂತೆ ಮಾರನೇ ದಿನದ್ದು. ನೀಲಿ ಆಕಾಶ, ಬಿಸಿಲು, ಕಾಲಿಡದ ಹೊಸ ಹಿಮ, ಎಲ್ಲರ ಕೈಯಲ್ಲೂ ಕ್ಯಾಮೆರಾ. ಹೊಸ ಹಿಮ ಹಳೆಯದಕ್ಕೆ ಇನ್ನೂ ಕಚ್ಚಿಕೊಂಡಿರುವುದಿಲ್ಲ. ಗಾಳಿ ಬೀಸಿದ್ದರೆ ಇನ್ನೂ ಕಷ್ಟ, ಯಾಕೆಂದರೆ ಗಾಳಿ ಬೆಟ್ಟದ ಒಂದು ಮಗ್ಗುಲಿನ ಹಿಮವನ್ನೆಲ್ಲ ಎತ್ತಿ ಇನ್ನೊಂದು ಮಗ್ಗುಲಿಗೆ ತುಂಬಿ, ಒತ್ತಿ, ಗಟ್ಟಿ ಹಲಗೆಯನ್ನೇ ಮಾಡಿಟ್ಟಿರುತ್ತದೆ. ಸ್ಲ್ಯಾಬ್ ಅನ್ನುವುದು ಇದನ್ನೇ. ಮೇಲೆ ನಿಂತರೆ ಗಟ್ಟಿ ಅನಿಸುತ್ತದೆ. ಕೆಳಗಿನ ಹರಳಿನ ಪದರ ಒಂದು ಕಡೆ ಮುರಿದರೆ ಸಾಕು, ಬಿರುಕು ಕ್ಷಣದಲ್ಲಿ ಇಡೀ ಇಳಿಜಾರಿಗೆ ಹರಡಿ, ನೀವು ನಿಂತ ಜಾಗದಿಂದಲೂ ಮೇಲೆ ಒಡೆದು ಜಾರುತ್ತದೆ. ಸ್ಕೀಯಿಂಗ್, ಟ್ರೆಕಿಂಗ್‌ನಲ್ಲಿ ಸಿಕ್ಕಿಕೊಂಡವರ ಪೈಕಿ ಹೆಚ್ಚಿನವರನ್ನು ಹೂತ ಹಿಮ ಅವರದ್ದೋ ಅವರ ಗುಂಪಿನವರದ್ದೋ ಭಾರಕ್ಕೇ ಕುಸಿದಿರುತ್ತದೆ. ಕೂಗಿದ್ದಕ್ಕೆ ಬೀಳುತ್ತದೆ ಅನ್ನುವುದು ಸಿನಿಮಾ ಕಥೆ.

ಅಪಾಯ ಜಾಸ್ತಿ ಇರುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸ್ಕೀ ಮಾಡಲು ಮಜಾ ಅನಿಸುವ ಇಳಿಜಾರೂ ಅದೇ. ಕೋನ ಅಳೆಯುವ ಆಪ್ ಫೋನಿನಲ್ಲೇ ಸಿಗುತ್ತದೆ, ಹಾಕಿಕೊಳ್ಳಿ. ಆದರೆ ನೀವು ನಡೆಯುವ ದಾರಿ ಸಮತಟ್ಟಾಗಿದ್ದ ಮಾತ್ರಕ್ಕೆ ನಿಶ್ಚಿಂತೆ ಬೇಡ, ತಲೆಯ ಮೇಲೆ ಏನಿದೆ ಅಂತ ನೋಡಿ. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥು ಲಾ ರಸ್ತೆಯ 15ನೇ ಮೈಲಿ ಹತ್ತಿರ ಸತ್ತ ಏಳು ಜನ ಪರ್ವತಾರೋಹಿಗಳಲ್ಲ, ಪ್ರವಾಸಿಗರು. ಹೆಜ್ಜೆ ಇಟ್ಟಾಗ ಕೆಳಗಿನಿಂದ ಧುಪ್ ಅಂತ ಹಿಮ ಕುಸಿದು ಕೂರುವ ಶಬ್ದ ಬಂದರೆ, ಕಾಲ ಬುಡದಿಂದ ಬಿರುಕು ಓಡಿದರೆ, ಪಕ್ಕದ ಇಳಿಜಾರಿನಲ್ಲಿ ಹೊಸದಾಗಿ ಜಾರಿದ ಗುರುತು ಕಂಡರೆ, ಇನ್ನು ಯೋಚಿಸುವುದೇನೂ ಇಲ್ಲ. ಬಂದ ಹೆಜ್ಜೆಯಲ್ಲೇ ವಾಪಸ್.

ಚಂಡೀಗಢದ ಡಿಜಿಆರ್‌ಇ ಚಳಿಗಾಲದಲ್ಲಿ ಹಿಮಾಲಯದ ಜಿಲ್ಲೆಗಳಿಗೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ರಕ್ಷಣಾ ಇಲಾಖೆಯ ಸಂಸ್ಥೆ ಅದು, ಹಿಮಕುಸಿತದ ಅಧ್ಯಯನಕ್ಕೆಂದೇ ಮೊದಲು ಮನಾಲಿಯಲ್ಲಿದ್ದ ಸಾಸೆ ಅನ್ನುವ ಸಂಸ್ಥೆ ಈಗ ಇದರೊಳಗೇ ಸೇರಿದೆ. ಅಪಾಯಕ್ಕೆ ಐದು ಹಂತ. 3 ಅಂದರೆ ನಡುವಿನದು ತಾನೇ ಅಂತ ಜನ ಹೊರಟುಬಿಡುತ್ತಾರೆ. ಸ್ವಿಟ್ಜರ್‌ಲ್ಯಾಂಡಿನಲ್ಲಿ ಅರ್ಧದಷ್ಟು ಸಾವು ಆಗುವುದು ಈ 3ನೇ ಹಂತದ ದಿನಗಳಲ್ಲೇ. ನಾನಂತೂ 3 ಇದ್ದ ದಿನ 30 ಡಿಗ್ರಿಗಿಂತ ಕಡಿದಾದ ಕಡೆ ಗುಂಪನ್ನು ಹತ್ತಿಸುವುದಿಲ್ಲ, ಎಷ್ಟೇ ಕೇಳಿಕೊಂಡರೂ ಅಷ್ಟೇ.

ಹೂತುಹೋದವರ ವಿಷಯಕ್ಕೆ ಬಂದರೆ ನಮ್ಮವರಿಗೆಲ್ಲ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನೆನಪಾಗುತ್ತಾರೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಅವರ ಜೊತೆ ಹಿಮದಡಿ ಸಿಕ್ಕಿದ ಒಂಬತ್ತು ಜನ ಉಳಿಯಲಿಲ್ಲ. ಇವರು ಮಾತ್ರ ಆರು ದಿನಗಳ ಬಳಿಕ ಜೀವಂತ ಸಿಕ್ಕರು, 11ರಂದು ದೆಹಲಿಯಲ್ಲಿ ತೀರಿಕೊಂಡರು. ಆ ಯೋಧನ ಜೀವದ ಗಟ್ಟಿತನಕ್ಕೆ ಕೈಮುಗಿಯುತ್ತೇನೆ. ಆದರೆ ಅದನ್ನು ನೆನೆದು ಯಾರೋ ಬಂದು ತೆಗೆಯುತ್ತಾರೆ ಅಂತ ನಂಬಿ ಕೂರಬೇಡಿ. 10 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. ಅರ್ಧ ಗಂಟೆ ಆಯಿತೆಂದರೆ ಮೂವರಲ್ಲಿ ಒಬ್ಬರು, ಅಷ್ಟೇ. ಸೈನ್ಯವಿರಲಿ, ಹೆಲಿಕಾಪ್ಟರ್ ಇರಲಿ, ಅಷ್ಟು ಬೇಗ ಬರಲು ಆಗುವುದಿಲ್ಲ. ಅಗೆಯಬೇಕಾದವರು ಪಕ್ಕದಲ್ಲಿರುವ ನಿಮ್ಮ ಗೆಳೆಯರೇ. ಅದಕ್ಕೆ ಟ್ರಾನ್ಸೀವರ್ (ಹೂತವರು ಎಲ್ಲಿದ್ದಾರೆ ಅಂತ ರೇಡಿಯೋ ಸಂಕೇತದಿಂದ ತೋರಿಸುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಹತ್ತಿರ ಇರಬೇಕು. ಗೈಡ್ ಒಬ್ಬರ ಬ್ಯಾಗಿನಲ್ಲಿದ್ದರೆ, ಹೂತುಹೋದವರು ಗೈಡೇ ಆದರೆ?

ಬುಕಿಂಗ್ ಮಾಡುವ ಮುಂಚೆ ಸಂಘಟಕರನ್ನು ಇದನ್ನೇ ಕೇಳಿ. ಸಲಕರಣೆ ಎಲ್ಲರಿಗೂ ಕೊಡುತ್ತೀರಾ, ಹೊರಡುವ ಮೊದಲು ಹುಡುಕುವ ಅಭ್ಯಾಸ ಮಾಡಿಸುತ್ತೀರಾ, ಜನವರಿಯಿಂದ ಅಲ್ಲಿನ ಹಿಮ ಹೇಗಿತ್ತು ಅಂತ ಗೊತ್ತಿರುವ ಸ್ಥಳೀಯರು ಜೊತೆಗಿರುತ್ತಾರಾ. ದಾರಿ ಬಿಟ್ಟು ವಾಪಸ್ ಬರಬೇಕಾದರೆ ದುಡ್ಡಿನ ಲೆಕ್ಕ ಏನು ಅನ್ನುವುದನ್ನೂ ಆಗಲೇ ಮಾತಾಡಿಕೊಳ್ಳಿ. ದುಡ್ಡು ಕೊಟ್ಟಾಗಿದೆ, ರಜೆ ಮುಗಿಯುತ್ತಿದೆ, ಇವತ್ತು ಹೋಗಲೇಬೇಕು ಅಂತ ಗೈಡ್ ಮೇಲೆ ಒತ್ತಾಯ ಬೀಳುವುದು ಬಿಸಿಲು ಬಂದ ಆ ಮಾರನೇ ದಿನವೇ.