ಬಿಸಿ ವರ್ಷಗಳಲ್ಲಿ ಮಾಂಟೆರಿಯ ಸ್ಕ್ವಿಡ್ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಾವು ಸ್ಯಾನ್ ಹೋಸೆಯಲ್ಲಿದ್ದೇವೆ. ಒಂದು ವರ್ಷ ಇಲ್ಲೇ ಕ್ಯಾಲಿಫೋರ್ನಿಯಾ ಕರಾವಳಿಯ ಮಾಂಟೆರಿಗೆ ಹೋದಾಗ ರಾತ್ರಿ ಕೊಲ್ಲಿ ತುಂಬಾ ದೀಪದ ದೋಣಿಗಳಿದ್ದವು, ಸ್ಕ್ವಿಡ್ ಹಿಡಿಯುತ್ತಿದ್ದಾರೆ ಅಂದರು. ಮತ್ತೊಮ್ಮೆ ಹೋದರೆ ಒಂದು ದೋಣಿಯೂ ಇಲ್ಲ. ನೀರು ಬಿಸಿಯಾದರೆ ಸ್ಕ್ವಿಡ್ ಉತ್ತರಕ್ಕೆ ಹೋಗಿಬಿಡುತ್ತದಾ? ಹೋದದ್ದು ವಾಪಸ್ ಬರುತ್ತದಾ?

ಉತ್ತರ: ಹೋದದ್ದು ವಾಪಸ್ ಬರುವುದಿಲ್ಲ. ಅಷ್ಟು ಆಯಸ್ಸೇ ಅದಕ್ಕಿಲ್ಲ.

ಅಲ್ಲಿ ಸಿಗುವುದು ಮಾರ್ಕೆಟ್ ಸ್ಕ್ವಿಡ್ ಅನ್ನುವ ಜಾತಿ, ಮೆದು ಮೈಯ, ಹಲವು ತೋಳುಗಳ ಕಡಲ ಜೀವಿ. ನಮ್ಮ ಕರಾವಳಿಯ ಬೊಂಡಾಸ್‌ನ ದೂರದ ನೆಂಟ. ಬದುಕುವುದು ಸುಮಾರು ಆರರಿಂದ ಒಂಬತ್ತು ತಿಂಗಳು, ಮೊಟ್ಟೆಯಿಟ್ಟ ಮೇಲೆ ಸತ್ತುಹೋಗುತ್ತದೆ. ಅಂದರೆ ನೀವು ಮೊದಲ ಸಲ ನೋಡಿದ ಸ್ಕ್ವಿಡ್ ಮರುವರ್ಷ ಎಲ್ಲೂ ಇರುವುದಿಲ್ಲ, ಇರುವುದು ಅದರ ಮಕ್ಕಳು ಮೊಮ್ಮಕ್ಕಳು. ದೊಡ್ಡವು ತಣ್ಣನೆಯ ನೀರು ಹುಡುಕಿಕೊಂಡು ಒಂದಷ್ಟು ದೂರ ಈಜುತ್ತವೆ, ಅದು ನಿಜ. ಆದರೆ ಒಂದು ಜಾಗದಲ್ಲಿ ಸ್ಕ್ವಿಡ್ ಉಳಿಯುತ್ತದಾ ಇಲ್ಲವಾ ಅನ್ನುವುದು ಕೊನೆಗೆ ಮೊಟ್ಟೆಯ ಮೇಲೆ ನಿಂತಿದೆ. ಮೊಟ್ಟೆ ಎಲ್ಲಿಟ್ಟವು, ಮರಿ ಬದುಕಿತಾ, ಅದಕ್ಕೆ ತಿನ್ನಲು ಸಿಕ್ಕಿತಾ, ಇಷ್ಟೇ.

ಮೊಟ್ಟೆಗೆ ಬೇಕಾದ ಜಾಗವೂ ಸುಮ್ನೆ ಎಲ್ಲೆಂದರಲ್ಲಿ ಸಿಗುವಂಥದ್ದಲ್ಲ. ತಳದಲ್ಲಿ ಮರಳಿರಬೇಕು. ಆಳ ಹೆಚ್ಚಾಗಿ 20ರಿಂದ 70 ಮೀಟರ್. ನೀರು 10ರಿಂದ 14 ಡಿಗ್ರಿ ಸೆಲ್ಸಿಯಸ್ ಇರಬೇಕು, ಆಮ್ಲಜನಕವೂ ಸಾಕಷ್ಟಿರಬೇಕು. ಹೆಣ್ಣು ಸ್ಕ್ವಿಡ್ ಬೆರಳಿನ ಹಾಗಿರುವ ಬಿಳಿ ಚೀಲಗಳನ್ನು ಒಂದೊಂದಾಗಿ ಮರಳಿಗೆ ಊರುತ್ತದೆ, ಒಂದೊಂದರಲ್ಲೂ 200-300 ಮೊಟ್ಟೆ. ಸಾವಿರಾರು ಸ್ಕ್ವಿಡ್ ಒಂದೇ ಕಡೆ ಊರಿದಾಗ ಸಮುದ್ರದ ತಳದಲ್ಲಿ ಬಿಳಿ ಹಾಸಿಗೆ ಹಾಸಿದಂತೆ ಕಾಣುತ್ತದೆ.

ಈಗ ಇಕ್ಕಟ್ಟು ಎಲ್ಲಿದೆ ನೋಡಿ. ವಸಂತದಲ್ಲಿ ವಾಯವ್ಯದ ಗಾಳಿ ಬೀಸಿ ಮೇಲಿನ ನೀರನ್ನು ದಡದಿಂದ ಆಚೆ ತಳ್ಳುತ್ತದೆ, ಕೆಳಗಿನ ತಣ್ಣನೆಯ ನೀರು ಮೇಲೆ ಬರುತ್ತದೆ, ಅದರ ಜೊತೆ ಬಂದ ಪೋಷಕಾಂಶದಿಂದ ಸ್ಕ್ವಿಡ್ ತಿನ್ನುವ ಕ್ರಿಲ್, ಅಂದರೆ ಸಿಗಡಿಯಂಥ ಪುಟ್ಟ ಜೀವಿ, ಬೆಳೆಯುತ್ತದೆ. ಎಲ್ ನಿನೊ, ಅಂದರೆ ಕೆಲವು ವರ್ಷಗಳಿಗೊಮ್ಮೆ ಪೆಸಿಫಿಕ್ ಸಾಗರ ಬಿಸಿಯಾಗುವ ವರ್ಷದಲ್ಲಿ, ಬೆಚ್ಚನೆಯ ನೀರಿನ ಪದರ ದಪ್ಪವಾಗುತ್ತದೆ. ದಡದ ಹತ್ತಿರದ ಮರಳು ಬಿಸಿಯಾಗುತ್ತದೆ, ತಿನ್ನಲೂ ಕಡಿಮೆ. ಇನ್ನೂ ಆಳಕ್ಕೆ ಇಳಿದರೆ ಆಗದಾ ಅಂತ ಕೇಳಬಹುದು. ತಣ್ಣಗಿರುತ್ತದೆ, ಆದರೆ ಆಳಕ್ಕೆ ಹೋದಷ್ಟೂ ಆಮ್ಲಜನಕ ಕಡಿಮೆ. ಮೇಲಿಂದ ಬಿಸಿ, ಕೆಳಗಿಂದ ಉಸಿರಿನ ಕೊರತೆ. ನಡುವೆ ಉಳಿಯುವ ಪಟ್ಟಿ ಸಣ್ಣದು. ತಾಪಮಾನ ಒಂದನ್ನೇ ಹಿಡಿದು ಮಾತಾಡುವವರು ಈ ಆಮ್ಲಜನಕದ ವಿಷಯ ಬಿಟ್ಟುಬಿಡುತ್ತಾರೆ, ನನಗೆ ಅದೇ ದೊಡ್ಡ ಚಿಂತೆ.

ಎಷ್ಟು ಏರುಪೇರಾಗುತ್ತದೆ ಗೊತ್ತಾ? 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 80 ಸಾವಿರ ಟನ್ ಸ್ಕ್ವಿಡ್ ಸಿಕ್ಕಿತ್ತು. ಎಲ್ ನಿನೊ ಬಂದು 1998ರಲ್ಲಿ 3 ಸಾವಿರ ಟನ್ ಕೂಡ ಆಗಲಿಲ್ಲ. ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ 2000ದಲ್ಲಿ 1 ಲಕ್ಷ ಟನ್ ದಾಟಿತು! ಆಯಸ್ಸು ಚಿಕ್ಕದಾಗಿರುವುದರಿಂದ ಬೀಳುವುದೂ ಬೇಗ, ಏಳುವುದೂ ಬೇಗ.

ಆದರೆ ಉತ್ತರದಲ್ಲಿ ಆಗುತ್ತಿರುವುದು ಇಂಥ ಏರಿಳಿತ ಮಾತ್ರ ಅಲ್ಲ. ಕ್ಯಾಲಿಫೋರ್ನಿಯಾದ ಉತ್ತರಕ್ಕಿರುವ ಆರೆಗಾನ್, ವಾಷಿಂಗ್ಟನ್ ರಾಜ್ಯಗಳ ಕಡೆಯ ಸಮುದ್ರದಲ್ಲಿ 1998ರಿಂದ 2019ರ ನಡುವೆ ಈ ಸ್ಕ್ವಿಡ್ 39 ಪಟ್ಟು ಜಾಸ್ತಿಯಾಗಿದೆ ಅಂತ ಸಮೀಕ್ಷೆಗಳ ಲೆಕ್ಕ ಹೇಳುತ್ತದೆ. 2014-16ರಲ್ಲಿ ಸಮುದ್ರದ ನೀರು ತುಂಬಾ ಬಿಸಿಯಾಗಿದ್ದ ಕಾಲದಲ್ಲಿ ಅಲಾಸ್ಕಾ ಕೊಲ್ಲಿಯಲ್ಲೂ ಕಾಣಿಸಿಕೊಂಡಿತು. ಆರೆಗಾನ್‌ನಲ್ಲಿ ಈಗ ಅದಕ್ಕೆಂದೇ ದೋಣಿಗಳು ಹೊರಡುತ್ತವೆ. ಹೊಸ ಊರಿಗೆ ಬಂದ ಸ್ಕ್ವಿಡ್ ಅಲ್ಲಿನ ಮರಿ ಮೀನುಗಳನ್ನು ತಿನ್ನುತ್ತದೆ, ಅಲ್ಲಿನ ದೊಡ್ಡ ಮೀನು, ಹಕ್ಕಿಗಳಿಗೆ ಆಹಾರವೂ ಆಗುತ್ತದೆ. ಹಾಗಂತ ಮಾಂಟೆರಿ ಖಾಲಿಯಾಯಿತು ಅಂದುಕೊಳ್ಳಬೇಡಿ. ಅಲ್ಲಿ ತಂಪಾದ ವರ್ಷಗಳಲ್ಲಿ ಈಗಲೂ ಮೊಟ್ಟೆ ಬೀಳುತ್ತದೆ.

ಇನ್ನು ನಿಮ್ಮ ದೀಪದ ದೋಣಿಗಳು. ಅಲ್ಲಿ ರಾತ್ರಿ ಬೆಳಕಿಟ್ಟು ಸ್ಕ್ವಿಡ್ ಹಿಡಿಯುವುದು 1860ರ ದಶಕದಿಂದಲೂ ಇದೆ, ಚೀನಾದಿಂದ ಬಂದ ಮೀನುಗಾರರು ದೋಣಿಯಲ್ಲಿ ಪಂಜು ಉರಿಸಿಕೊಂಡು ಹೋಗುತ್ತಿದ್ದರು. ಹಿಡಿಯುವುದು ಹೆಚ್ಚಾಗಿ ಮೊಟ್ಟೆಯಿಡಲು ದಡದ ಹತ್ತಿರ ಗುಂಪುಗೂಡಿದ ಸ್ಕ್ವಿಡ್ಡನ್ನೇ. ನಮ್ಮ ಕರ್ನಾಟಕದ ಕಡಲಲ್ಲೂ ತೆಂಗಿನ ಒಣ ಹೊಂಬಾಳೆ ಕಟ್ಟಿ ನೀರಿಗಿಳಿಸಿ, ಮೊಟ್ಟೆಯಿಡಲು ಬರುವ ಕಟಲ್‌ಫಿಶ್ (ಸ್ಕ್ವಿಡ್‌ನ ಇನ್ನೊಬ್ಬ ನೆಂಟ) ಹಿಡಿಯುವುದುಂಟು. ಹಿಡಿಯುವ ಮೊದಲು ಒಂದಷ್ಟಾದರೂ ಮೊಟ್ಟೆ ತಳ ಸೇರಬೇಕು, ಅಲ್ವಾ? ಅದಕ್ಕೇ ಕ್ಯಾಲಿಫೋರ್ನಿಯಾದಲ್ಲಿ ಶುಕ್ರವಾರ ಮಧ್ಯಾಹ್ನದಿಂದ ಭಾನುವಾರದವರೆಗೆ ವ್ಯಾಪಾರಕ್ಕೆ ಸ್ಕ್ವಿಡ್ ಹಿಡಿಯುವಂತಿಲ್ಲ.

ಹಾಗಾಗಿ ನಿಮಗೊಂದು ಪ್ರಶ್ನೆ. ಎರಡನೇ ಸಲ ನೀವು ಹೋಗಿದ್ದು ಶನಿವಾರ ರಾತ್ರಿಯಾ? ಹಾಗಿದ್ದರೆ ಏಪ್ರಿಲ್ ನಂತರ ವಾರದ ನಡುವೆ ಒಂದು ರಾತ್ರಿ ಹೋಗಿ ನೋಡಿ.