ಲಿಂಡ್‌ಬರ್ಗ್ ಉಳಿಸಿದ ಪೆಟ್ರೋಲ್

1944ರ ಜೂನ್ ಕೊನೆ. ನ್ಯೂಗಿನಿಯ ಹೊಲಾಂಡಿಯಾದಲ್ಲಿದ್ದ ಅಮೆರಿಕದ 475ನೇ ಫೈಟರ್ ಗ್ರೂಪ್‌ಗೆ ಒಬ್ಬ ನಾಗರಿಕ ಬಂದ. ಅವನೇ ಚಾರ್ಲ್ಸ್ ಲಿಂಡ್‌ಬರ್ಗ್, 1927ರಲ್ಲಿ ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ಎಲ್ಲೂ ಇಳಿಯದೆ ಒಬ್ಬನೇ ಹಾರಿದವನು. ಅಲ್ಲಿನ ಪೈಲಟ್‌ಗಳ ಜೊತೆ ಅವನೂ ಪಿ-38 ಎಂಬ ಎರಡು ಎಂಜಿನ್‌ನ ಯುದ್ಧವಿಮಾನ ಹಾರಿಸತೊಡಗಿದ. ಎಲ್ಲರೂ ಹೋಗಿ ಬರುವುದು ಅದೇ ದಾರಿ, ಅಷ್ಟೇ ದೂರ. ಆದರೆ ಇಳಿದ ಮೇಲೆ ನೋಡಿದರೆ ಇವನ ಟ್ಯಾಂಕ್‌ನಲ್ಲಿ ಮಿಕ್ಕವರಿಗಿಂತ ಎಷ್ಟೋ ಜಾಸ್ತಿ ಪೆಟ್ರೋಲ್ ಉಳಿದಿರುತ್ತಿತ್ತು.

ಮಿಕ್ಕವರು ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ) 2200ಕ್ಕೂ ಮೇಲಿಟ್ಟು, ಪೆಟ್ರೋಲ್ ಧಾರಾಳವಾಗಿ ಸುರಿಯುವ ‘ಆಟೋ ರಿಚ್’ನಲ್ಲಿ ಹಾರುತ್ತಿದ್ದರು. ಅವನು ಆರ್‌ಪಿಎಂ ಅನ್ನು 1600ಕ್ಕೆ ಇಳಿಸಿ, ಪೆಟ್ರೋಲ್ ಕಡಿಮೆ ಬಿಡುವ ‘ಆಟೋ ಲೀನ್’ಗೆ ಹಾಕಿ, ಸಿಲಿಂಡರ್‌ಗೆ ಹೋಗುವ ಗಾಳಿಯ ಒತ್ತಡವನ್ನು ಏರಿಸುತ್ತಿದ್ದ. ಮೀಟರ್‌ನಲ್ಲಿ ವೇಗ ಗಂಟೆಗೆ 185 ಮೈಲಿ. ಎರಡೂ ಎಂಜಿನ್ ಸೇರಿ ಗಂಟೆಗೆ ಸುಮಾರು 265 ಲೀಟರ್ ಖರ್ಚು.

ಇದು ಬರೀ ನಿಧಾನ ಹೋಗಿ ಉಳಿಸಿದ್ದಲ್ಲ. ಅಷ್ಟೇ ಶಕ್ತಿಯನ್ನು ಎಂಜಿನ್‌ನಿಂದ ಎರಡು ಥರ ಪಡೆಯಬಹುದು: ಬೇಗ ಬೇಗ ತಿರುಗಿಸಿ ಪ್ರತಿ ಸಲ ಸ್ವಲ್ಪ ಸ್ವಲ್ಪ ಉರಿಸುವುದು, ಇಲ್ಲವೇ ನಿಧಾನ ತಿರುಗಿಸಿ ಪ್ರತಿ ಸಲ ಸಿಲಿಂಡರ್ ತುಂಬ ಗಾಳಿ ಕೊಡುವುದು. ಬೈಕ್‌ನಲ್ಲಿ ಮೂರನೇ ಗೇರ್‌ನಲ್ಲಿ ಕಿರುಚಿಸುವ ಬದಲು ಟಾಪ್ ಗೇರ್‌ಗೆ ಹಾಕುತ್ತೇವಲ್ಲ, ಹಾಗೆ. ಪಿಸ್ಟನ್ ಉಜ್ಜಾಟ ಆರ್‌ಪಿಎಂ ಜೊತೆ ಏರುತ್ತದೆ. ಗಾಳಿ ಒಳಬಿಡುವ ಬಾಗಿಲಾದ ಥ್ರಾಟಲ್ ಅರ್ಧ ಮುಚ್ಚಿದ್ದರೆ ಗಾಳಿ ಎಳೆದುಕೊಳ್ಳಲಿಕ್ಕೇ ಎಂಜಿನ್ ಒದ್ದಾಡುತ್ತದೆ. ಎರಡೂ ಸುಮ್ನೆ ಹಾಳಾಗುವ ಶಕ್ತಿ.

ಪೈಲಟ್‌ಗಳು ಮೊದಲು ನಂಬಲಿಲ್ಲ. ಹೀಗೆ ಓಡಿಸಿದರೆ ಎಂಜಿನ್ ಸುಟ್ಟುಹೋಗುತ್ತದೆ ಎಂಬ ಭಯ. ಆ ಭಯ ಪೂರ್ತಿ ಸುಳ್ಳೇನಲ್ಲ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಮಾಡುತ್ತ ಹೋದರೆ ಮೊದಲು ಬಿಸಿ ಏರುತ್ತದೆ. ಆದರೆ ಒಂದು ಶಿಖರ ದಾಟಿದ ಮೇಲೆ ಇಳಿಯುತ್ತದೆ. ಸಿಲಿಂಡರ್‌ಗೆ ಕಷ್ಟವಾಗುವುದು ಆ ಶಿಖರಕ್ಕಿಂತ ಸ್ವಲ್ಪ ಹಿಂದೆ, ‘ಇನ್ನೂ ಸ್ವಲ್ಪ ಪೆಟ್ರೋಲ್ ಇದೆ, ಪರವಾಗಿಲ್ಲ’ ಎಂದುಕೊಳ್ಳುವ ಜಾಗದಲ್ಲೇ. ತಮಾಷೆ ಅಲ್ವಾ? ಒತ್ತಡ ಅತಿಯಾದರೆ ಎಂಜಿನ್ ಒಳಗೆ ನಾಕಿಂಗ್, ಅಂದರೆ ಮಿಶ್ರಣ ಹದವಾಗಿ ಉರಿಯದೆ ಸಿಡಿಯುವುದು, ಶುರುವಾಗುವ ಅಪಾಯವಂತೂ ನಿಜ. ಅದಕ್ಕೇ ತಯಾರಕರ ಕೈಪಿಡಿ ಹಾಕಿದ ಗೆರೆ ದಾಟಬಾರದು.

ಸೆಸ್ನಾ 172ರಂಥ ಪುಟ್ಟ ವಿಮಾನದಲ್ಲಿ ಸಾಮಾನ್ಯವಾಗಿ ಪ್ರೊಪೆಲ್ಲರ್‌ನ ಕೋನ ಬದಲಾಗದು, ಹಾಗಾಗಿ ಆರ್‌ಪಿಎಂ ಅನ್ನು ಥ್ರಾಟಲ್‌ನಿಂದ ಬೇರೆಯಾಗಿ ಇಡಲು ಬರುವುದಿಲ್ಲ. ಅಲ್ಲಿ ಉಳಿಯುವುದು ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ಕೆಂಪು ಗುಂಡಿ. ಮೇಲೇರಿ ಸಮತಟ್ಟಾಗಿ ಹಾರುವಾಗ ಅದನ್ನು ಮೆಲ್ಲಗೆ ಹೊರಗೆಳೆಯಬೇಕು. ಆರ್‌ಪಿಎಂ ಮುಳ್ಳು ಮೊದಲು ಸ್ವಲ್ಪ ಏರುತ್ತದೆ. ಇನ್ನೂ ಎಳೆದರೆ ಇಳಿಯುತ್ತದೆ, ಆಮೇಲೆ ಎಂಜಿನ್ ನಡುಗುತ್ತದೆ. ನಡುಕ ನಿಲ್ಲುವಷ್ಟು ಮಾತ್ರ ಮತ್ತೆ ಒಳಗೆ ತಳ್ಳಿದರೆ ಸಾಕು. ಕಾರ್ಬ್ಯುರೇಟರ್ ಎಂಜಿನ್‌ನಲ್ಲಿ ಎಲ್ಲ ಸಿಲಿಂಡರ್‌ಗೂ ಸಮನಾಗಿ ಪೆಟ್ರೋಲ್ ಹೋಗುವುದಿಲ್ಲ. ಒಂದು ಹಸಿದು ಮುಗ್ಗರಿಸುವಾಗ ಇನ್ನೊಂದು ಚೆನ್ನಾಗಿಯೇ ಓಡುತ್ತಿರುತ್ತದೆ. ನಡುಕ ಬರುವುದು ಅದಕ್ಕೇ.

ಎತ್ತರವೂ ಇಲ್ಲಿ ನೆರವಿಗೆ ಬರುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ಸುಮಾರು 8000 ಅಡಿಯಲ್ಲಿ ಪೂರ್ತಿ ಥ್ರಾಟಲ್ ಕೊಟ್ಟರೂ ನೂರಕ್ಕೆ 75ರಷ್ಟೇ ಶಕ್ತಿ ಕೊಡುತ್ತದೆ. ಅಲ್ಲಿ ಥ್ರಾಟಲ್ ಮುಚ್ಚುವ ಪ್ರಶ್ನೆಯೇ ಇಲ್ಲ. ಎದುರುಗಾಳಿ ಜೋರಾಗಿದ್ದರೆ ಮಾತ್ರ ಲೆಕ್ಕ ಬೇರೆ: ನಿಧಾನ ಹೋದಷ್ಟೂ ಗಾಳಿಯೊಡನೆ ಗುದ್ದಾಡುವ ಹೊತ್ತು ಜಾಸ್ತಿ, ಆಗ ಸ್ವಲ್ಪ ಪೆಟ್ರೋಲ್ ಹೆಚ್ಚು ಸುಟ್ಟು ಬೇಗ ಹೋಗುವುದೇ ಲಾಭ.