ಸ್ಕ್ರಿಪ್ಟ್ ಒಂದೇ ಬಂಡವಾಳ: ಸ್ವತಂತ್ರ ನಿರ್ದೇಶಕರು ನಡೆದು ಬಂದ ದಾರಿ

ಆಸ್ಕರ್ ಮಿಷೋ ಅಮೆರಿಕದ ಕಪ್ಪು ವರ್ಣೀಯ ಲೇಖಕ. ದಕ್ಷಿಣ ಡಕೋಟಾದಲ್ಲಿ ಜಮೀನು ಮಾಡಿ ಕೈಸುಟ್ಟುಕೊಂಡಿದ್ದವರು. ಆ ಅನುಭವವನ್ನೇ ಇಟ್ಟುಕೊಂಡು 1917ರಲ್ಲಿ 'ದಿ ಹೋಮ್‌ಸ್ಟೆಡರ್' ಎಂಬ ಕಾದಂಬರಿ ಬರೆದರು. ಮರುವರ್ಷ ಲಿಂಕನ್ ಮೋಷನ್ ಪಿಕ್ಚರ್ ಕಂಪನಿ ಅದರ ಸಿನಿಮಾ ಹಕ್ಕು ಕೇಳಿತು. ಕೊಡುತ್ತೇನೆ, ಆದರೆ ನಿರ್ದೇಶನ ನನ್ನದೇ ಆಗಬೇಕು ಎಂದು ಮಿಷೋ ಪಟ್ಟು ಹಿಡಿದರು. ಕಂಪನಿ ಒಪ್ಪಲಿಲ್ಲ. ಅವರು ಸ್ವಂತ ಕಂಪನಿ ತೆರೆದು, ಪರಿಚಯದ ರೈತರಿಗೆ ಷೇರು ಮಾರಿ, 1919ರಲ್ಲಿ ಚಿತ್ರವನ್ನು ತೆರೆಗೆ ತಂದೇಬಿಟ್ಟರು. ಮುಂದಿನ ಸುಮಾರು 30 ವರ್ಷಗಳಲ್ಲಿ 40ಕ್ಕೂ ಹೆಚ್ಚು ಚಿತ್ರ ಮಾಡಿದರು. ಪ್ರಿಂಟ್‌ಗಳನ್ನು ತಾವೇ ಊರೂರಿಗೆ ಹೊತ್ತು, ಥಿಯೇಟರ್ ಮಾಲೀಕರ ಜೊತೆ ತಾವೇ ಚೌಕಾಸಿ ಮಾಡುತ್ತಿದ್ದರು.

ಸ್ವತಂತ್ರ ನಿರ್ದೇಶಕರ ಬದುಕಿನಲ್ಲಿ ಇವತ್ತು ಕಾಣುವುದೆಲ್ಲ ಆಗಲೇ ಇತ್ತು, ಅಲ್ವಾ? ಸ್ವಂತ ಕಥೆ, ಚೂರುಪಾರು ಒಟ್ಟು ಮಾಡಿದ ದುಡ್ಡು, ಹಂಚಿಕೆಯ ತಲೆನೋವು. ಆದರೆ ಈ ಪ್ರಸಂಗದಲ್ಲಿ ನನಗೆ ಮುಖ್ಯ ಅನಿಸುವುದು ಶುರುವಿನ ಚೌಕಾಸಿ: ಕಥೆ ಬೇಕಾದರೆ ನಿರ್ದೇಶನ ಕೊಡಿ ಎಂದದ್ದು. ಹೊರಗಿನಿಂದ ಬಂದವರಿಗೆ ಕ್ಯಾಮೆರಾ ಇರುವುದಿಲ್ಲ, ಸ್ಟಾರ್ ಇರುವುದಿಲ್ಲ, ಥಿಯೇಟರ್ ಅಂತೂ ಇಲ್ಲವೇ ಇಲ್ಲ. ಯಾರ ದುಡ್ಡೂ ಇಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ಪೂರ್ತಿ ಮುಗಿಸಬಹುದಾದ ಕೆಲಸ ಬರವಣಿಗೆ ಮಾತ್ರ. ಸ್ವತಂತ್ರ ಸಿನಿಮಾದಲ್ಲಿ ಬರೆಯುವವರು ಮತ್ತು ನಿರ್ದೇಶಿಸುವವರು ಸಾಮಾನ್ಯವಾಗಿ ಒಬ್ಬರೇ ಯಾಕೆ ಎಂದು ಕೇಳಿದರೆ, ಕಲೆಗೆ ಸಂಬಂಧಿಸಿದ ಕಾರಣಗಳನ್ನು ಜಾಸ್ತಿ ಹೇಳುತ್ತಾರೆ. ಚರಿತ್ರೆ ನೋಡಿದರೆ ದುಡ್ಡಿನ ಕಾರಣವೇ ಎದ್ದು ಕಾಣುತ್ತದೆ.

ದೊಡ್ಡ ಸ್ಟುಡಿಯೋಗಳ ಕಾಲದಲ್ಲಿ ಇವೆರಡೂ ಬೇರೆ ಬೇರೆ ಕೆಲಸವಾಗಿದ್ದವು. 1930ರ ದಶಕದ ಹಾಲಿವುಡ್‌ನಲ್ಲಿ ಬರಹಗಾರರು ಸಂಬಳಕ್ಕೆ ಬರೆಯುತ್ತಿದ್ದರು. ನಿರ್ದೇಶಕರು ಕೈಗೆ ಕೊಟ್ಟ ಸ್ಕ್ರಿಪ್ಟ್ ಚಿತ್ರೀಕರಿಸುತ್ತಿದ್ದರು. ಈ ಗೋಡೆ ದಾಟಿದ ಪ್ರಸಿದ್ಧ ಪ್ರಸಂಗ ಪ್ರೆಸ್ಟನ್ ಸ್ಟರ್ಜಸ್ ಅವರದು. ದುಬಾರಿ ಚಿತ್ರಕಥೆಗಾರ ಎಂದು ಹೆಸರಾಗಿದ್ದ ಅವರು 'ದಿ ಗ್ರೇಟ್ ಮೆಕ್‌ಗಿಂಟಿ'ಯ ಸ್ಕ್ರಿಪ್ಟನ್ನು ಪ್ಯಾರಾಮೌಂಟ್‌ಗೆ 10 ಡಾಲರ್‌ಗೆ ಕೊಟ್ಟರು. ಷರತ್ತು ಒಂದೇ: ನಿರ್ದೇಶನ ತಮಗೆ ಸಿಗಬೇಕು. 1940ರಲ್ಲಿ ಬಂದ ಆ ಚಿತ್ರ, ಮೂಲ ಚಿತ್ರಕಥೆಗೆಂದು ಹೊಸದಾಗಿ ಶುರುವಾದ ಆಸ್ಕರ್ ಗೆದ್ದಿತು. ಮರುವರ್ಷ ಜಾನ್ ಹ್ಯೂಸ್ಟನ್, ಅದರ ಮುಂದಿನ ವರ್ಷ ಬಿಲ್ಲಿ ವೈಲ್ಡರ್ ಇದೇ ಬಾಗಿಲಿನಿಂದ ಬಂದರು.

ಜಪಾನಿನಲ್ಲಿ ಏಣಿಯ ಪದ್ಧತಿ ಇತ್ತು. ಅಕಿರ ಕುರೊಸಾವ 1936ರಲ್ಲಿ ಸಹಾಯಕ ನಿರ್ದೇಶಕರಾಗಿ ಸ್ಟುಡಿಯೋ ಸೇರಿದರು. ನಿರ್ದೇಶಕ ಆಗಬೇಕಾದರೆ ಮೊದಲು ಚಿತ್ರಕಥೆ ಬರೆಯಲು ಕಲಿ ಎಂದು ಅವರ ಗುರು ಕಾಜಿರೊ ಯಮಾಮೊಟೊ ಹೇಳಿದ್ದರು. ಹಗಲು ಸೆಟ್ಟಿನಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ಬರೆದರು. 1943ರಲ್ಲಿ ಮೊದಲ ಚಿತ್ರ ಬಂತು. ಏಣಿ ಉದ್ದವಾಗಿತ್ತು, ನಿಜ. ಆದರೆ ಹತ್ತುವಷ್ಟು ದಿನವೂ ಸಂಬಳ ಬರುತ್ತಿತ್ತು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡನೇ ಮಹಾಯುದ್ಧದ ನಂತರ ಏಣಿಯೇ ಬೇಡ ಎನ್ನುವವರು ಬಂದರು. ಸತ್ಯಜಿತ್ ರೇ ಕಲ್ಕತ್ತಾದ ಜಾಹೀರಾತು ಕಂಪನಿಯಲ್ಲಿ ಚಿತ್ರ ಬಿಡಿಸುತ್ತಿದ್ದರು. ಯಾರ ಕೈಕೆಳಗೂ ಸಹಾಯಕರಾಗಿ ದುಡಿದವರಲ್ಲ. ನಿರ್ಮಾಪಕರಿಗೆ ತೋರಿಸಲು ಅವರ ಬಳಿ ಇದ್ದದ್ದು ದೃಶ್ಯಗಳ ರೇಖಾಚಿತ್ರಗಳು ತುಂಬಿದ ಪುಸ್ತಕ. ಎಲ್ಲರೂ ಆಗದು ಎಂದು ಕೈಯಲ್ಲಾಡಿಸಿದರು. 1952ರಲ್ಲಿ 'ಪಥೇರ್ ಪಾಂಚಾಲಿ' ಶುರುವಾಯಿತು. ವಿಮೆ ಪಾಲಿಸಿಯ ಮೇಲೆ ಸಾಲ ತೆಗೆದರು, ಹೆಂಡತಿಯ ಒಡವೆ ಅಡವಿಟ್ಟರು. ದುಡ್ಡು ಮುಗಿದಾಗಲೆಲ್ಲ ಚಿತ್ರೀಕರಣ ನಿಲ್ಲುತ್ತಿತ್ತು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ಹಣ ಕೊಟ್ಟಿತು. ಹೆಸರಿನಲ್ಲಿ ದಾರಿ ಎಂದಿದೆಯಲ್ಲ, ಹಾಗಾಗಿ ಆ ಹಣ ರಸ್ತೆ ಕಾಮಗಾರಿಯ ಲೆಕ್ಕದಲ್ಲಿ ಬಂತು ಎಂಬ ಕಥೆ ಬಹಳ ಪ್ರಸಿದ್ಧ. ಚಿತ್ರ ಮುಗಿದದ್ದು 1955ರಲ್ಲಿ. ಮುಂದಿನ ವರ್ಷ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಅಲ್ಲಿಯವರೆಗೂ ಕೆಲಸ ಬಿಡದೆ ಸಂಬಳ ತಂದವರು ರೇ.

ಫ್ರಾನ್ಸಿನವರು ಇನ್ನೊಂದು ಬಾಗಿಲು ತೆರೆದರು. ಫ್ರಾಂಸ್ವಾ ತ್ರುಫೊ ವಿಮರ್ಶಕರಾಗಿದ್ದರು. ಬೇರೆಯವರ ಚಿತ್ರಕಥೆಗೆ ಬಣ್ಣ ತುಂಬುವ ನಿರ್ದೇಶಕರನ್ನು 1954ರಲ್ಲಿ 'ಕಾಯೆ ದ್ಯು ಸಿನೆಮಾ' ಪತ್ರಿಕೆಯಲ್ಲಿ ಕಟುವಾಗಿ ಟೀಕಿಸಿದರು. 1959ರಲ್ಲಿ ತಮ್ಮ ಮೊದಲ ಪೂರ್ಣ ಚಿತ್ರಕ್ಕೇ ಕಾನ್‌ನಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಪಡೆದರು. ಅದೇ ವರ್ಷ ಫ್ರೆಂಚ್ ಸರ್ಕಾರ ಸ್ಕ್ರಿಪ್ಟ್ ನೋಡಿ ಮುಂಗಡ ಹಣ ಕೊಡುವ ವ್ಯವಸ್ಥೆ ತಂದಿತು. ಚಿತ್ರ ಗಳಿಸಿದರೆ ವಾಪಸ್ ಕೊಡಬೇಕು. ಪ್ರಶಸ್ತಿಗಿಂತ ಈ ವ್ಯವಸ್ಥೆಯೇ ದೊಡ್ಡ ಬದಲಾವಣೆ ಎನ್ನುವುದು ನನ್ನ ಲೆಕ್ಕ. ಬರೆದ ಕಾಗದಕ್ಕೆ ಸರ್ಕಾರವೇ ಬೆಲೆ ಕಟ್ಟಿದಂತಾಯಿತು. ಭಾರತದಲ್ಲಿ 1960ರಲ್ಲಿ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಬಂತು, ಅದೇ ವರ್ಷ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಕೂಡ. ಸಿನಿಮಾ ಶಾಲೆ ಹೊಸದೇನಲ್ಲ. ಮಾಸ್ಕೋದಲ್ಲಿ 1919ರಿಂದಲೇ ಇತ್ತು. ಆದರೆ ಸರ್ಕಾರದ ಹಣ ಮತ್ತು ಶಾಲೆ ಎರಡೂ ಸೇರಿದಾಗ, ಯಾರಿಗೂ ಸಹಾಯಕರಾಗದೆ ನಿರ್ದೇಶಕರಾಗುವ ದಾರಿ ಮೊದಲ ಬಾರಿಗೆ ಅಧಿಕೃತವಾಯಿತು.

ಅಮೆರಿಕದಲ್ಲಿ ಸರ್ಕಾರ ಹೀಗೆ ಮುಂದೆ ಬರಲಿಲ್ಲ. ಅಲ್ಲಿನವರು ಬೇರೆ ಕೆಲಸ ಮಾಡಿ ಸಿನಿಮಾ ಸಾಕಿದರು. ನಟ ಜಾನ್ ಕ್ಯಾಸವೆಟಿಸ್ 1957ರಲ್ಲಿ ರಾತ್ರಿಯ ರೇಡಿಯೋ ಕಾರ್ಯಕ್ರಮವೊಂದರಲ್ಲಿ ಕೇಳುಗರ ಬಳಿ ದುಡ್ಡು ಕೇಳಿದರು. ಸುಮಾರು 2,000 ಡಾಲರ್ ಬಂತು. ಆ ಬಲದ ಮೇಲೆ 'ಶ್ಯಾಡೋಸ್' ಶುರುವಾಯಿತು. (2013ರ ಕನ್ನಡ ಚಿತ್ರ 'ಲೂಸಿಯಾ'ಕ್ಕೆ ಪವನ್ ಕುಮಾರ್ ಪ್ರೇಕ್ಷಕರಿಂದಲೇ ಹಣ ಎತ್ತಿದ್ದು ಇದೇ ಜಾಡಿನಲ್ಲಿ. ರೇಡಿಯೋ ಹೋಗಿ ಇಂಟರ್‌ನೆಟ್ ಬಂದಿತ್ತು, ಅಷ್ಟೇ.) 'ಶ್ಯಾಡೋಸ್' ಕೊನೆಗೆ ಇದು ಸ್ಕ್ರಿಪ್ಟ್ ಇಲ್ಲದೆ ನಟರು ಸ್ಥಳದಲ್ಲೇ ಕಟ್ಟಿದ ಚಿತ್ರ ಎಂಬ ಬರಹ ಬರುತ್ತದೆ. ಆದರೆ ಕ್ಯಾಸವೆಟಿಸ್ ಮತ್ತೆ ಚಿತ್ರೀಕರಿಸಿ ಬಿಡುಗಡೆ ಮಾಡಿದ ಆವೃತ್ತಿಯಲ್ಲಿ ಬರೆದು ಮಾಡಿದ ದೃಶ್ಯಗಳೇ ಬೇಕಾದಷ್ಟಿವೆ. ಆಮೇಲೆಯೂ ಅಷ್ಟೆ: ಬೇರೆಯವರ ಸಿನಿಮಾದಲ್ಲಿ ನಟಿಸಿ ಸಂಪಾದಿಸಿದ್ದನ್ನು ತಮ್ಮ ಸಿನಿಮಾಕ್ಕೆ ಸುರಿದರು.

ಬರವಣಿಗೆಯನ್ನೇ ಹೀಗೆ ಹೊಟ್ಟೆಪಾಡು ಮಾಡಿಕೊಂಡವರು ಜಾನ್ ಸೇಲ್ಸ್. ಕಾದಂಬರಿಕಾರ. ಕಡಿಮೆ ಬಜೆಟ್ಟಿನ ಭಯಾನಕ ಚಿತ್ರಗಳ ನಿರ್ಮಾಪಕ ರಾಜರ್ ಕಾರ್ಮನ್‌ಗೆ ಸ್ಕ್ರಿಪ್ಟ್ ಬರೆದುಕೊಟ್ಟು ದುಡ್ಡು ಕೂಡಿಟ್ಟರು. ಆ ಉಳಿತಾಯದಲ್ಲಿ 'ರಿಟರ್ನ್ ಆಫ್ ದಿ ಸೆಕಾಕಸ್ 7' ಮಾಡಿದರು. ಅದರ ಕಥೆಯನ್ನು ಕೈಯಲ್ಲಿರುವ ದುಡ್ಡಿಗೆ ತಕ್ಕಂತೆಯೇ ಹೆಣೆದಿದ್ದರು: ಹೆಸರಿಲ್ಲದ ನಟರು, ಒಂದೇ ಊರು, ಸ್ನೇಹಿತರು ಸೇರುವ ಒಂದು ವಾರಾಂತ್ಯ, ಮಾತೇ ಮಾತು. ಇಂದಿಗೂ ಮೊದಲ ಚಿತ್ರದ ಸ್ಕ್ರಿಪ್ಟ್ ಬರೆಯುವವರು ಮಾಡುವುದು ಇದನ್ನೇ. ಏನು ಸಿಗುತ್ತದೋ ಅದಕ್ಕೆ ಕಥೆ ಕಟ್ಟುವುದು. ಸೇಲ್ಸ್ ಮುಂದಿನ ದಶಕಗಳಲ್ಲೂ ಸ್ಟುಡಿಯೋಗಳಿಗೆ ಸ್ಕ್ರಿಪ್ಟ್ ರಿಪೇರಿ ಮಾಡಿಕೊಡುತ್ತಲೇ ತಮ್ಮ ಚಿತ್ರಗಳನ್ನು ಮಾಡಿದರು.

1981ರಲ್ಲಿ ನಟ ರಾಬರ್ಟ್ ರೆಡ್‌ಫರ್ಡ್ ಸನ್‌ಡ್ಯಾನ್ಸ್ ಸಂಸ್ಥೆ ಶುರು ಮಾಡಿದರು. ಹೊಸಬರ ಸ್ಕ್ರಿಪ್ಟನ್ನು ಅನುಭವಸ್ಥರ ಜೊತೆ ಕೂತು ತಿದ್ದುವ ಲ್ಯಾಬ್ ಅದರ ಮೊದಲ ಕೆಲಸ. ಯೂಟಾ ರಾಜ್ಯದ ಒಂದು ಚಿತ್ರೋತ್ಸವ ನಂತರ ಅದರ ಕೈಸೇರಿತು. 1989ರಲ್ಲಿ ಅಲ್ಲಿ ಪ್ರೇಕ್ಷಕರ ಪ್ರಶಸ್ತಿ ಗೆದ್ದ 'ಸೆಕ್ಸ್, ಲೈಸ್ ಅಂಡ್ ವಿಡಿಯೋಟೇಪ್' ಕಾನ್‌ನ ಅತ್ಯುನ್ನತ ಪ್ರಶಸ್ತಿಯನ್ನೂ ತಂದಿತು. ಬಜೆಟ್ ಸುಮಾರು 12 ಲಕ್ಷ ಡಾಲರ್. ಬರೆದು ನಿರ್ದೇಶಿಸಿದ ಸ್ಟೀವನ್ ಸೋಡರ್‌ಬರ್ಗ್‌ಗೆ ಆಗ 26 ವರ್ಷ. ಅಲ್ಲಿಂದ ಚಿತ್ರೋತ್ಸವ ಸಂತೆಯೂ ಆಯಿತು. ಚಿತ್ರ ಮಾಡು, ಉತ್ಸವಕ್ಕೆ ಕಳಿಸು, ಖರೀದಿದಾರ ಬರುತ್ತಾನೆ ಎಂಬ ನಂಬಿಕೆ ಹುಟ್ಟಿತು.

ಆ ನಂಬಿಕೆಯ ದೊಡ್ಡ ದೇವರು 7,000 ಡಾಲರ್‌ನ ಕಥೆ. ರಾಬರ್ಟ್ ರಾಡ್ರಿಗೆಸ್ ಹೊಸ ಔಷಧಿಗಳ ಪ್ರಯೋಗಕ್ಕೆ ಮೈಯೊಡ್ಡಿ ದುಡ್ಡು ಸಂಪಾದಿಸಿದರು. ಆ ಕೇಂದ್ರದಲ್ಲಿ ಇದ್ದಷ್ಟು ದಿನ ಸುಮ್ನೆ ಕೂರದೆ ಸ್ಕ್ರಿಪ್ಟ್ ಬರೆದರು. 1992ರ 'ಎಲ್ ಮರಿಯಾಚಿ' ಹೀಗೆ ಹುಟ್ಟಿತು. ಎಲ್ಲರೂ ಹೇಳುವುದು ಇಷ್ಟನ್ನೇ. ಚಿತ್ರ ಕೊಂಡ ಕೊಲಂಬಿಯಾ ಸ್ಟುಡಿಯೋ ಅದನ್ನು ಥಿಯೇಟರ್‌ಗೆ ಸಿದ್ಧ ಮಾಡಲು, ಅಂದರೆ ಧ್ವನಿ ಸರಿಪಡಿಸಿ 35 ಎಂಎಂ ಪ್ರಿಂಟ್ ಮಾಡಲು, ಆ ಮೊತ್ತದ ಎಷ್ಟೋ ಪಟ್ಟು ಖರ್ಚು ಮಾಡಿತು. ಜನ ತೆರೆಯ ಮೇಲೆ ನೋಡಿದ್ದು 7,000 ಡಾಲರ್‌ನ ಚಿತ್ರವಲ್ಲ. ಆದರೂ ಆ ಅಂಕಿ ಒಂದು ತಲೆಮಾರಿನ ಹುಡುಗರ ತಲೆಗೆ ಹೊಕ್ಕಿತು. ಮರುವರ್ಷ ಕೆವಿನ್ ಸ್ಮಿತ್ ಕ್ರೆಡಿಟ್ ಕಾರ್ಡ್‌ಗಳನ್ನು ಉಜ್ಜಿ, ತಾವು ಕೆಲಸ ಮಾಡುತ್ತಿದ್ದ ಅಂಗಡಿಯಲ್ಲೇ ರಾತ್ರಿ ಹೊತ್ತು 'ಕ್ಲರ್ಕ್ಸ್' ಚಿತ್ರೀಕರಿಸಿದರು. ಗೆದ್ದರು. ಹೀಗೆ ಸಾಲ ಮಾಡಿ ಸೋತವರ ಹೆಸರು ಯಾವ ಸಂದರ್ಶನದಲ್ಲೂ ಬರುವುದಿಲ್ಲ.

ಡಿಜಿಟಲ್ ಕ್ಯಾಮೆರಾ ಬಂದ ಮೇಲಿನ ಕಥೆ ಎಲ್ಲರಿಗೂ ಗೊತ್ತು. 1998ರಲ್ಲಿ ಡೆನ್ಮಾರ್ಕಿನ 'ಫೆಸ್ಟೆನ್' ಸಣ್ಣ ಹ್ಯಾಂಡಿಕ್ಯಾಮ್‌ನಲ್ಲಿ ಬಂತು. 2015ರಲ್ಲಿ ಶಾನ್ ಬೇಕರ್ ಐಫೋನ್ 5ಎಸ್‌ನಲ್ಲಿ 'ಟ್ಯಾಂಜರೀನ್' ಮಾಡಿದರು. ಚಿತ್ರ ಮಾಡುವುದು ಸುಲಭವಾದಷ್ಟೂ ನೋಡಿಸುವುದು ಕಷ್ಟವಾಯಿತು. 2024ರ ಸನ್‌ಡ್ಯಾನ್ಸ್‌ಗೆ 4,000ಕ್ಕೂ ಹೆಚ್ಚು ಪೂರ್ಣ ಚಿತ್ರಗಳು ಬಂದವು. ಆಯ್ಕೆಯಾದವು ನೂರರೊಳಗೆ.

ಕುತೂಹಲವೆಂದರೆ, ಕ್ಯಾಮೆರಾ ಎಲ್ಲರ ಜೇಬಿಗೆ ಬಂದ ಮೇಲೂ ಚೌಕಾಸಿಯ ವಸ್ತು ಸ್ಕ್ರಿಪ್ಟೇ ಆಗಿ ಉಳಿಯಿತು. ಡೇಮಿಯನ್ ಶಜೆಲ್ 'ವಿಪ್‌ಲ್ಯಾಶ್' ಬರೆದಾಗ ದುಡ್ಡು ಹಾಕುವವರು ಹಿಂಜರಿದರು. ಅದರ ಒಂದೇ ದೃಶ್ಯವನ್ನು ಕಿರುಚಿತ್ರ ಮಾಡಿ 2013ರಲ್ಲಿ ಸನ್‌ಡ್ಯಾನ್ಸ್‌ನಲ್ಲಿ ತೋರಿಸಿದರು. ಮರುವರ್ಷ ಪೂರ್ಣ ಚಿತ್ರ ಬಂತು. ಕಿರುಚಿತ್ರ ಎಂದರೆ ಈಗ ಹೆಚ್ಚಿನವರಿಗೆ ಇದೇ: ಬರೆದಿರುವ ದೊಡ್ಡ ಚಿತ್ರದ ಸ್ಯಾಂಪಲ್.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮೊದಲ ಚಿತ್ರದ ಮಾತು. ವೃತ್ತಿ ಎನ್ನಬೇಕಾದರೆ ಎರಡನೆಯದೂ ಬೇಕು. ಈ ದಾರಿಯಲ್ಲಿ ಅತಿ ಹೆಚ್ಚು ಜನ ನಿಂತುಹೋಗುವುದು ಅಲ್ಲೇ. ಬಾರ್ಬರಾ ಲೋಡನ್ 1970ರಲ್ಲಿ 'ವಾಂಡಾ' ಬರೆದು, ನಿರ್ದೇಶಿಸಿ, ನಟಿಸಿದರು. ವೆನಿಸ್‌ನಲ್ಲಿ ಪ್ರಶಸ್ತಿಯೂ ಬಂತು. 1980ರಲ್ಲಿ ತೀರಿಕೊಳ್ಳುವವರೆಗೆ ಇನ್ನೊಂದು ಪೂರ್ಣ ಚಿತ್ರ ಮಾಡಲು ಆಗಲೇ ಇಲ್ಲ. ಕೆಲ್ಲಿ ರೈಕಾರ್ಟ್ ಅವರ ಮೊದಲ ಚಿತ್ರ 1994ರಲ್ಲಿ ಸನ್‌ಡ್ಯಾನ್ಸ್‌ಗೆ ಹೋಯಿತು. ಮುಂದಿನ ಪೂರ್ಣ ಪ್ರಮಾಣದ ಚಿತ್ರ 'ಓಲ್ಡ್ ಜಾಯ್' ಬಂದದ್ದು 2006ರಲ್ಲಿ. ಹೆಸರು ಮಾಡಿದ ಮೇಲೂ ಅವರು ಕಾಲೇಜಿನಲ್ಲಿ ಪಾಠ ಮಾಡುತ್ತಾ ಬಂದಿದ್ದಾರೆ. ಮಾಡಿದ ಚಿತ್ರ ಜನಕ್ಕೆ ತಲುಪದೆ ಡಬ್ಬದಲ್ಲಿ ಉಳಿಯುವುದೂ ಉಂಟು. ಚಾರ್ಲ್ಸ್ ಬರ್ನೆಟ್ ವಿದ್ಯಾರ್ಥಿಯಾಗಿದ್ದಾಗ ವಾರಾಂತ್ಯಗಳಲ್ಲಿ ಚಿತ್ರೀಕರಿಸಿದ 'ಕಿಲ್ಲರ್ ಆಫ್ ಶೀಪ್' ಚಿತ್ರದಲ್ಲಿ ಬಳಸಿದ ಹಾಡುಗಳ ಹಕ್ಕು ಇರಲಿಲ್ಲ. 1970ರ ದಶಕದಲ್ಲೇ ಮುಗಿದಿದ್ದ ಚಿತ್ರ ಸರಿಯಾಗಿ ಥಿಯೇಟರ್ ಕಂಡದ್ದು 2007ರಲ್ಲಿ.

ಕುರೊಸಾವ ಏಣಿ ಹತ್ತುವಾಗ ಸಂಬಳವಿತ್ತು ಎಂದೆನಲ್ಲ. ಏಣಿ ಹೋದಾಗ ಸಂಬಳವೂ ಹೋಯಿತು. ಈಗ ಸ್ಕ್ರಿಪ್ಟ್ ಬರೆಯುವ ವರ್ಷ, ಅದನ್ನು ಹಿಡಿದು ನಿರ್ಮಾಪಕರ ಬಳಿ ಅಲೆಯುವ ವರ್ಷ, ಎಡಿಟಿಂಗ್ ಮುಗಿದು ಉತ್ಸವಗಳ ಉತ್ತರಕ್ಕೆ ಕಾಯುವ ತಿಂಗಳು, ಇವೆಲ್ಲ ನಿರ್ದೇಶಕರ ಸ್ವಂತ ಖರ್ಚು. ಜಾಹೀರಾತು, ಪಾಠ, ಬೇರೆಯವರ ಸ್ಕ್ರಿಪ್ಟ್ ತಿದ್ದುವುದು, ಮದುವೆ ವಿಡಿಯೋ, ಏನಾದರೊಂದು ಬದಿಯಲ್ಲಿ ನಡೆಯುತ್ತಿರಲೇಬೇಕು.

ಶಾನ್ ಬೇಕರ್ 2025ರಲ್ಲಿ 'ಅನೋರಾ' ಒಂದರಿಂದಲೇ ನಾಲ್ಕು ಆಸ್ಕರ್ ಗೆದ್ದರು: ಚಿತ್ರಕಥೆ, ನಿರ್ದೇಶನ, ಸಂಕಲನ, ನಿರ್ಮಾಣ. ಅದಕ್ಕೆ ಕೆಲವೇ ದಿನ ಮೊದಲು ಸ್ವತಂತ್ರ ಚಿತ್ರಗಳ ಪ್ರಶಸ್ತಿ ಸಮಾರಂಭದಲ್ಲಿ ಅವರು ಮಾತಾಡಿದ್ದು ದುಡ್ಡಿನ ಬಗ್ಗೆ. ಒಂದು ಚಿತ್ರಕ್ಕೆ ಮೂರು ವರ್ಷ ಹಿಡಿಯುತ್ತದೆ, ಅದರಲ್ಲಿ ಹೆಚ್ಚಿನ ಕಾಲ ಆದಾಯವೇ ಇರುವುದಿಲ್ಲ, ಲಾಭದ ಪಾಲನ್ನು ಈಗ ನೆಚ್ಚಿಕೊಳ್ಳುವ ಹಾಗಿಲ್ಲ, ಹಾಗಾಗಿ ಮೊದಲೇ ಕೊಡುವ ಸಂಭಾವನೆ ಹೆಚ್ಚಾಗಬೇಕು ಎಂಬುದು ಅವರ ಮಾತಿನ ಸಾರ. ಕಾಲು ಶತಮಾನದಿಂದ ಚಿತ್ರ ಮಾಡುತ್ತಾ ಬಂದ ಮನುಷ್ಯ ಅವರು. ಸಭೆಯಲ್ಲಿ ಚಪ್ಪಾಳೆ ಜೋರಾಗಿಯೇ ಬಿತ್ತು. ಆ ಹೆಚ್ಚಿನ ಸಂಭಾವನೆಯನ್ನು ಕೊಡಬೇಕಾದವರು ಯಾರು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.